ಬರಬೇಕಾಗಿದ್ದ ಮೂರನೆಯ ಹಾಡು

ಗೆಜ್ಜೆಯನ್ನು ಆಲೂಗಡ್ಡೆ ಚೀಲದಲ್ಲಿ ತುಂಬಿ ಬಾಗಿಲಲ್ಲಿ ಇಟ್ಟು ಹೋದರಲ್ಲ, ಅದನ್ನು ನೋಲ್ಡಿ ನೆಫ್ ಇಂದಿಗೂ ಮರೆತಿಲ್ಲ. ಬಾಗಿಲು ತಟ್ಟಿ, ಎದುರಿಗೆ ನಿಂತು, ಇನ್ನು ಮುಂದೆ ನೀನು ನಮ್ಮ ಮೇಳಕ್ಕೆ ಬೇಡ ಎಂದು ಹೇಳಿದ್ದರೆ ಒಂದಿಷ್ಟು ಬೈದಾಡುತ್ತಿದ್ದ, ಬೇಕಾದರೆ ಕೊರಳಪಟ್ಟಿಗೆ ಕೈ ಹಾಕುತ್ತಿದ್ದ, ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತಿದ್ದ. ಹದಿನಾಲ್ಕು ವರ್ಷ ಮೇಳದ ಮುಂದೆ ನಡೆದವನು ಅವನು. ಹೆಣ್ಣುವೇಷ ಕಟ್ಟಿ, ಹೆಗಲಿಂದ ಸೊಂಟಕ್ಕೆ ಹದಿಮೂರು ಗುಂಡುಗೆಜ್ಜೆಗಳ ಪಟ್ಟಿ ಬಿಗಿದು, ಮೊಣಕಾಲುದ್ದ ಹಿಮದಲ್ಲಿ ದಾರಿ ಮಾಡಿಕೊಂಡು ಹೋಗುತ್ತಿದ್ದವನು. ಅಂಥವನ ಗೆಜ್ಜೆಯನ್ನು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕಳ್ಳರು ಕದ್ದ ಮಾಲು ಬಿಸಾಡಿ ಹೋದ ಹಾಗೆ, ಅವನ ಶೆಡ್ಡಿನ ಬಾಗಿಲಿಗೆ ಒರಗಿಸಿ ಹೋಗಿದ್ದರು. ಕಾಲಿಗೆ ಎಡವಿದಾಗ ಚೀಲದೊಳಗಿಂದ ಝಲ್ ಎಂದಿತು. ಚೀಟಿ ಇಲ್ಲ, ಮಾತಿಲ್ಲ. ಚೀಲ ಮೇಳದ ಫ್ರಿಡಿ ಶೀಸ್‌ನದು ಎಂದು ಅದಕ್ಕೆ ಹಾಕಿದ ಹೊಲಿಗೆಯೇ ಹೇಳುತ್ತಿತ್ತು. ಹಾಗೆ ಅಡ್ಡಾದಿಡ್ಡಿ ಹೊಲಿಯುವವನು ಈ ಕಣಿವೆಯಲ್ಲಿ ಇನ್ನೊಬ್ಬನಿಲ್ಲ.

ನಡೆದದ್ದು ಇಷ್ಟು. ಆ ವರ್ಷದ ಜನವರಿ ಹದಿಮೂರು. ಹಳೆಯ ಪಂಚಾಂಗದ ಪ್ರಕಾರ ವರ್ಷದ ಕೊನೆಯ ದಿನ. ಊರಿನವರು ಡಿಸೆಂಬರ್ ಮೂವತ್ತೊಂದನ್ನೂ ಬಿಡುವುದಿಲ್ಲ, ಇದನ್ನೂ ಬಿಡುವುದಿಲ್ಲ. ಆದರೆ ಮನಸ್ಸಿಗೆ ವರ್ಷ ಹುಟ್ಟಿತು ಅನಿಸುವುದು ಹದಿಮೂರಕ್ಕೆ ಅಂಗಳದಲ್ಲಿ ಗಂಟೆ ಕೇಳಿದ ಮೇಲೆಯೇ. ಬೆಳಗಿನ ಕತ್ತಲಿಂದಲೇ ಆರಾರು ಜನರ ಮೇಳಗಳು ವೇಷ ಕಟ್ಟಿ ಮನೆಮನೆಗೆ ಹೋಗುತ್ತವೆ. ಮುಂದೊಬ್ಬ ಹಿಂದೊಬ್ಬ ಗೆಜ್ಜೆಯವರು, ನಡುವೆ ನಾಲ್ವರು ಎದೆಗೂ ಬೆನ್ನಿಗೂ ದೊಡ್ಡ ದನದ ಗಂಟೆ ಕಟ್ಟಿದವರು. ಅಂಗಳದಲ್ಲಿ ಸುತ್ತು ಬಂದು ಗಂಟೆ ಅಲ್ಲಾಡಿಸಬೇಕು, ನಿಲ್ಲಬೇಕು, ಹಾಡಬೇಕು. ಪದವಿಲ್ಲದ ಹಾಡು. ಒಬ್ಬ ಎತ್ತಿಕೊಡುತ್ತಾನೆ, ಇನ್ನೊಬ್ಬ ಸೇರಿಕೊಳ್ಳುತ್ತಾನೆ, ಉಳಿದವರು ಅಡಿಯಲ್ಲಿ ಶ್ರುತಿ ಹಿಡಿದು ನಿಲ್ಲುತ್ತಾರೆ. ಕೊನೆಯವನ ಉಸಿರು ಮುಗಿದು, ಅಂಗಳ ಸದ್ದಿಲ್ಲದಂತಾದ ಮೇಲೆಯೇ ಮುಂದಿನವನು ಗೆಜ್ಜೆ ಕುಲುಕಬೇಕು. ಹೀಗೆ ಮನೆಗೆ ಮೂರು ಹಾಡು. ಎರಡೂ ಅಲ್ಲ, ನಾಲ್ಕೂ ಅಲ್ಲ.

ಅಂದು ಹಾಲ್ಡೆನ್ ಮನೆಯಲ್ಲಿ ಕೊನ್ರಾಡ್ ಎರ್ಬರ್ ಹಾಸಿಗೆ ಹಿಡಿದಿದ್ದರು. ನೋಲ್ಡಿಯ ನಾಮಕರಣದ ದಿನ ಅವನನ್ನು ಕೈಯಲ್ಲಿ ಹಿಡಿದು ನಿಂತ ಧರ್ಮತಂದೆ ಅವರು. ಅವನು ಕರೆಯುತ್ತಿದ್ದುದು ದೊಡ್ಡಪ್ಪ ಎಂದು. ಗೆಜ್ಜೆಪಟ್ಟಿ ಕೊಟ್ಟದ್ದೂ ಅವರೇ, ಹಾಡು ಕಲಿಸಿದ್ದೂ ಅವರೇ. ಹೆಂಡತಿ ಟ್ರೂಡಿ ಮಂಚವನ್ನು ಕಿಟಕಿಗೆ ತಾಗಿಸಿ, ಆ ಚಳಿಯಲ್ಲಿ ಕಿಟಕಿ ಪೂರ್ತಿ ತೆರೆದಿಟ್ಟಿದ್ದರು. ಎರಡು ಹಾಡು ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ ಕಿಟಕಿಯೊಳಗಿಂದ ಇನ್ನೊಂದು ದನಿ ಬಂದು ಶ್ರುತಿಗೆ ಸೇರಿತು. ನೂಲೆಳೆಯಷ್ಟು ತೆಳ್ಳಗೆ, ಆದರೆ ಸರಿಯಾದ ಜಾಗದಲ್ಲೇ. ಮೇಳದವರ ಉಸಿರು ಮುಗಿದರೂ ಆ ಎಳೆ ಮುಗಿಯಲಿಲ್ಲ. ಇನ್ನೂ ಇತ್ತು. ಇನ್ನೂ ಇತ್ತು. ಕೆಳಗೆ ಬೇಲಿಯ ಹತ್ತಿರ ಇನ್ನೊಂದು ಮೇಳ ಕಾಯುತ್ತಿತ್ತು, ನೋಲ್ಡಿಯ ಕಾಲಿನ ಬೆರಳುಗಳು ಎಲ್ಲಿವೆ ಎಂದು ಅವನಿಗೇ ತಿಳಿಯುತ್ತಿರಲಿಲ್ಲ, ಹನ್ನೆರಡಕ್ಕೆ ಊಟಕ್ಕೆ ಹೇಳಿದ್ದ ಹೋಟೆಲು ಅರ್ಧ ಗಂಟೆ ದೂರ. ಅವನು ಕಾಲು ಒದರಿ ಗೆಜ್ಜೆ ಕುಲುಕಿಬಿಟ್ಟ.

ವೇಷ ಹಾಕಿದ ಮೇಲೆ ಹೊಸ ವರ್ಷದ ಹಾರೈಕೆ ಬಿಟ್ಟು ಬೇರೆ ಮಾತಿಲ್ಲ. ಟ್ರೂಡಿ ದೊಡ್ಡಮ್ಮ ಬಿಸಿ ವೈನಿನ ತಟ್ಟೆ ತಂದು, ಎಲ್ಲರ ಮುಖವಾಡದ ತೂತಿಗೂ ಕೊಳವೆ ಹಿಡಿದು ಕುಡಿಸಿದರು, ಎಲ್ಲರ ಕೈ ಕುಲುಕಿದರು, ನೋಲ್ಡಿಯದನ್ನೂ. ಇಳಿಜಾರು ದಾಟಿ ಮುಖವಾಡ ತೆಗೆದ ಮೇಲೆ ಫ್ರಿಡಿ ಹೇಳಿದ ಮಾತು ಒಂದೇ.

“ನಿಂಗೆ ಕುಣಿಯಕ್ಕೆ ಬರತ್ತೆ ನೋಲ್ಡಿ. ನಿಲ್ಲಕ್ಕೆ ಬರಲ್ಲ.”

ಫೆಬ್ರವರಿಯಲ್ಲಿ ಕೊನ್ರಾಡ್ ದೊಡ್ಡಪ್ಪ ತೀರಿಕೊಂಡರು. ಏಪ್ರಿಲ್‌ನಲ್ಲಿ ಚೀಲ ಬಂತು. ಗೆಜ್ಜೆ ಕುಲುಕಿ ಯಾರನ್ನಾದರೂ ಕೊಂದದ್ದುಂಟೇ, ಎಂಬತ್ತೊಂದು ವರ್ಷದ ಮುದುಕರು ಯಾವ ವರ್ಷವಾದರೂ ಹೋಗುವವರೇ ತಾನೇ ಎಂದು ಹೆಂಡತಿ ವ್ರೇನಿಯ ಮುಂದೆ ನೋಲ್ಡಿ ಎಷ್ಟು ಸಲ ಕೂಗಾಡಿದನೋ ಲೆಕ್ಕವಿಲ್ಲ. ಕೊಂದೆ ಅಂತ ಯಾರೂ ಹೇಳಲಿಲ್ಲವಲ್ಲ, ನೀನೇ ಹೇಳ್ತಾ ಇದ್ದೀಯ ಎಂದು ಅವಳು ಒಮ್ಮೆ ಅಂದಳು. ಎಂಟು ದಿನ ಅವಳ ಜೊತೆಗೂ ಮಾತು ಬಿಟ್ಟ.

ಅದು ಅವನ ಸ್ವಭಾವ. ಮನೆಗಳ ಹೊರಗೋಡೆಗೆ ಮರದ ಬಿಲ್ಲೆ ಹೊಡೆಯುವುದು ಅವನ ಕಸುಬು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರಿಸುತ್ತ ಹೋಗಬೇಕು, ಒಂದು ಗೋಡೆಗೆ ಸಾವಿರಾರು. ಬಾಯಿ ತುಂಬ ಮೊಳೆ ಇಟ್ಟುಕೊಂಡು ಅವನು ಹೊಡೆಯಲು ತೊಡಗಿದರೆ ಕೆಳಗಿನವರಿಗೆ ಸುತ್ತಿಗೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಈ ಊರಿನಲ್ಲಿ ಒಂಬತ್ತು ಗಂಟೆ ಅಂದರೆ ಎಲ್ಲ ಕೆಲಸಗಾರರೂ ಕೆಳಗಿಳಿದು ಕಾಫಿಗೆ ಕೂರುವ ಹೊತ್ತು. ಪಾದ್ರಿಗಳು ಬಂದು ಕರೆದರೂ ಒಂಬತ್ತೂ ಇಪ್ಪತ್ತರವರೆಗೆ ಯಾರೂ ಏಳುವುದಿಲ್ಲ. ನೋಲ್ಡಿ ಮಾತ್ರ ಕೂರುವವನಲ್ಲ. ಅಟ್ಟಣಿಗೆಯ ಮೇಲೇ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಸುತ್ತಿಗೆ. ಅವನ ಜೊತೆ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಮಾರ್ಟಿ ಕೆಳಗೆ ಕೂತು ಕಾಫಿ ಸುರಿದುಕೊಂಡರೆ ಮೇಲಿಂದ ಮರದ ಹೊಟ್ಟು ಉದುರುತ್ತಿತ್ತು. ಮಾರ್ಟಿ ಜಗಳ ಆಡಲಿಲ್ಲ. ಮನೆಯಿಂದ ಒಂದು ಕೊಡೆ ತಂದ. ಬಿಸಿಲಿರಲಿ ಮೋಡವಿರಲಿ, ಒಂಬತ್ತಕ್ಕೆ ಕೊಡೆ ಬಿಚ್ಚಿ ಅದರ ಕೆಳಗೆ ಕಾಲು ಚಾಚಿ ಕೂರುತ್ತಿದ್ದ. ದಾರಿಹೋಕರು ನಗುತ್ತಿದ್ದರು. ನೋಲ್ಡಿಗೆ ಅದೂ ಒಂದು ಉರಿ.

ಚೀಲ ಬಂದ ಮೇಲೆ ಆರು ಹೊಸ ವರ್ಷ ಅವನ ಮನೆಗೆ ಬರಲೇ ಇಲ್ಲ ಅನ್ನಬೇಕು. ಹದಿಮೂರಕ್ಕೆ ಬೆಳಿಗ್ಗೆ ಐದಕ್ಕೇ ವ್ಯಾನು ಹತ್ತಿ, ಮೊಳೆ ತರುವ ನೆಪದಲ್ಲಿ ಕೆಳಗಿನ ಬಯಲು ಸೀಮೆಗೆ ಹೋಗಿಬಿಡುತ್ತಿದ್ದ. ಕತ್ತಲಾಗುವವರೆಗೂ ಯಾವುದೋ ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿ ಕೂತಿರುತ್ತಿದ್ದ. ಆ ದಿನ ಕೆಲಸ ಮಾಡುವವರಿಲ್ಲ, ಮಾಡಿಸುವವರಿಲ್ಲ. ಆದ್ದರಿಂದ ಕೈಗೆ ಸುತ್ತಿಗೆಯೂ ಇರಲಿಲ್ಲ. ವರ್ಷ ಬದಲಾದರೂ ಅವನ ಪಾಲಿಗೆ ಹಳೆಯದೇ ಎಳೆದುಕೊಂಡು ಹೋಗುತ್ತಿತ್ತು, ತೊಳೆಯದ ಅಂಗಿಯ ಹಾಗೆ.

ಏಳನೆಯ ವರ್ಷದ ಅಕ್ಟೋಬರಿನಲ್ಲಿ ಟ್ರೂಡಿ ದೊಡ್ಡಮ್ಮನಿಂದ ಫೋನ್ ಬಂತು. ಹಾಲ್ಡೆನ್ ಮನೆಯ ಪಡುವಣ ಗೋಡೆಯ ಬಿಲ್ಲೆಗಳು ಗಾಳಿಗೆ ಎದ್ದು ಹೋಗುತ್ತಿವೆ, ಹಿಮ ಬೀಳುವ ಮೊದಲು ಆಗಬೇಕು ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಮೂರು ವಾರ ಬೇಕು ಎಂಬ ಮಾತು ಬಂತು. ಮಾರ್ಟಿಗೆ ಆಗ ಸೊಂಟನೋವು, ಒಬ್ಬನೇ ಹೋದ.

ಮೊದಲ ದಿನ ಒಂಬತ್ತಕ್ಕೆ ಸರಿಯಾಗಿ ಅವರು ಹೊರಗೆ ಬಂದು ಕೋಲಿನಿಂದ ಏಣಿಗೆ ಬಡಿದರು. ನೋಲ್ಡಿ ಕೆಳಗೆ ನೋಡದೆ, ಇಲ್ಲೇ ತಿನ್ನುತ್ತೇನೆ ದೊಡ್ಡಮ್ಮಾ, ನೀವು ಒಳಗೆ ಹೋಗಿ ಎಂದ. ಸರಿ ಎಂದು ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಾಯಿಯಲ್ಲಿದ್ದ ಮೊಳೆ ಮುಗಿದವು, ಇಳಿದು ಬಂದರೆ ಮೊಳೆಯ ಡಬ್ಬಿಯೇ ಇಲ್ಲ.

“ಒಳಗಿದೆ,” ಎಂದರು ಅಡುಗೆಮನೆಯ ಕಿಟಕಿಯಿಂದ. “ಕಾಫಿ ಕುಡಿದ ಮೇಲೆ ಸಿಗತ್ತೆ.”

“ದೊಡ್ಡಮ್ಮಾ, ಹೊತ್ತು ಹೋಗ್ತಾ ಇದೆ.”

“ಹೋಗ್ಲಿ. ಅದೂ ನಿನ್ ಥರ, ನಿಲ್ಲಲ್ಲ. ನೀನು ಬಾ.”

ಕೂತ. ಮೇಜಿನ ಮೇಲೆ ರೊಟ್ಟಿ, ವಾಸನೆಯ ಗಟ್ಟಿ ಚೀಸು, ಬೀಬರು ಎಂಬ ಜೇನಿನ ಸಿಹಿರೊಟ್ಟಿ, ಕಾಫಿ. ಡಬ್ಬಿ ಅವರ ಮಡಿಲಲ್ಲಿ. ಗೋಡೆಯ ಗಡಿಯಾರ, ಒಲೆಯ ಮೇಲೆ ನೀರಿನ ಸದ್ದು, ಕೊಟ್ಟಿಗೆಯಲ್ಲಿ ಎಲ್ಲೋ ಒಂದು ದನ ಕೊಡವಿದ ಗಂಟೆ. ನೋಲ್ಡಿ ಎರಡು ನಿಮಿಷಕ್ಕೆ ಲೋಟ ಬರಿದು ಮಾಡಿ ಎದ್ದು ನಿಂತ. ಅವರು ಗಡಿಯಾರ ತೋರಿಸಿದರು. ಇನ್ನೂ ಹದಿನೆಂಟು ನಿಮಿಷ. ಜೈಲಿನಲ್ಲಿ ಕೂತವರಿಗೂ ಹೊತ್ತು ಇದಕ್ಕಿಂತ ಬೇಗ ಹೋಗುತ್ತಿರಬೇಕು ಅನಿಸಿತು ಅವನಿಗೆ. ಕಾಲು ಕುಣಿಸಿದ, ಮೇಜಿನ ಮೇಲೆ ಬೆರಳು ಬಡಿದ, ಉಗುರು ಕಚ್ಚಿದ. ಇಪ್ಪತ್ತು ನಿಮಿಷ ತುಂಬಿದ ಮೇಲೆಯೇ ಡಬ್ಬಿ ಕೈಗೆ ಬಂತು.

ಎರಡನೆಯ ದಿನ ಡಬ್ಬಿಯನ್ನು ಅಟ್ಟಣಿಗೆಯ ಮೇಲೇ ಇಟ್ಟುಕೊಂಡ. ಅವರು ಏಣಿ ತೆಗೆದರು. ಎಪ್ಪತ್ತೊಂಬತ್ತರ ಹೆಂಗಸು, ಅಷ್ಟುದ್ದದ ಏಣಿ. ಅದು ಬಿದ್ದು ಸೊಂಟ ಮುರಿದುಕೊಂಡರೆ ಊರಿಗೇ ಉತ್ತರ ಹೇಳಬೇಕು ಎಂದು ಗಾಬರಿಯಾಗಿ, ಬೈದುಕೊಳ್ಳುತ್ತಲೇ ಕಂಬ ಹಿಡಿದು ಜಾರಿ ಇಳಿದ. ಮೂರನೆಯ ದಿನದಿಂದ ತಾನಾಗಿಯೇ ಬಂದ. ಹತ್ತನೆಯ ದಿನಕ್ಕೆ ಕಾಲು ಕುಣಿಯುವುದು ನಿಂತಿತ್ತು. ಆ ಇಪ್ಪತ್ತು ನಿಮಿಷ ಮುಗಿಸಿ ಮತ್ತೆ ಹತ್ತಿದರೆ ಬಿಲ್ಲೆಗಳ ಸಾಲು ಮೊದಲಿಗಿಂತ ನೆಟ್ಟಗೆ ಬರುತ್ತಿತ್ತು. ಆ ವಿಷಯ ಅವನು ಯಾರಿಗೂ ಹೇಳಲಿಲ್ಲ. ಒಪ್ಪಿಕೊಳ್ಳಲು ಅವಮಾನ.

ಅದೇ ಹತ್ತನೆಯ ದಿನ, ಚೀಸು ಕತ್ತರಿಸುತ್ತ, ತಲೆ ಎತ್ತದೆ ದೊಡ್ಡಮ್ಮ ಹೇಳಿದರು.

“ಅವತ್ತು ಮೂರು ಬರಬೇಕಿತ್ತು. ಎರಡೇ ಬಂತು.”

ನೋಲ್ಡಿಯ ಕಿವಿ ಬಿಸಿಯಾಯಿತು. ಮೂರನೆಯದೂ ಆಗಿತ್ತಲ್ಲ ಎಂದ. ಮುಗಿದಿರಲಿಲ್ಲ ಎಂದರು. ಮುಗಿಯದ್ದು ಹಾಡಲ್ಲ ಎಂದು ನಿನಗೆ ಕಲಿಸಿದವರೇ ಕಿಟಕಿಯಲ್ಲಿದ್ದರು ಎಂದರು. ಆಮೇಲೆ ದೊಡ್ಡಪ್ಪ ತಾವೇ ಕೈ ಚಾಚಿ ಕಿಟಕಿ ಹಾಕಿಕೊಂಡದ್ದನ್ನೂ, ಸಾಯುವವರೆಗೂ ಆ ಮಾತು ಎತ್ತದೇ ಇದ್ದದ್ದನ್ನೂ ಹೇಳಿದರು.

“ಏಳು ವರ್ಷ ಇದನ್ನ ಲೆಕ್ಕ ಇಟ್ಕೊಂಡು ಕೂತಿದ್ರಾ ದೊಡ್ಡಮ್ಮಾ?”

“ಲೆಕ್ಕ ಇಡಕ್ಕೆ ಏನಿದೆ. ಒಂದು ತಾನೇ.”

ಆ ಒಂದನ್ನು ಹೇಗಾದರೂ ಕೊಟ್ಟು ಬಿಡಬೇಕು ಎಂಬುದು ಅಂದಿನಿಂದ ಅವನ ತಲೆ ಹೊಕ್ಕಿತು. ಒಂದು ಗಂಟಲಿಗೆ ಆಗುವ ಕೆಲಸವಲ್ಲ ಅದು. ಸೇರಿಕೊಳ್ಳುವವನು ಬೇಕು, ಶ್ರುತಿ ಹಿಡಿಯುವವರು ಬೇಕು. ಬೇರೆ ಮೇಳದವರನ್ನು ಕರೆಯಲು ಬರುವುದಿಲ್ಲ, ಒಂದೊಂದು ಮೇಳಕ್ಕೆ ಒಂದೊಂದು ವರಸೆ. ಡಿಸೆಂಬರಿನ ಒಂದು ಸಂಜೆ ಮರ್ಯಾದೆಯನ್ನೆಲ್ಲ ಗಂಟು ಕಟ್ಟಿ ಮನೆಯಲ್ಲೇ ಬಿಟ್ಟು ಫ್ರಿಡಿಯ ಕೊಟ್ಟಿಗೆಗೆ ಹೋದ. ಆರೂ ಜನ ಅಲ್ಲಿದ್ದರು. ವೇಷದ ಹೊಸ ಶಿರಸ್ತ್ರಾಣಗಳಿಗೆ ಮಣಿ ಅಂಟಿಸುತ್ತಿದ್ದರು. ಅವನ ಜಾಗದಲ್ಲಿ ಮುಂದೆ ನಡೆಯುವವನು ಈಗ ಫ್ರಿಡಿಯ ಭಾವಮೈದ, ಅಂಟು ಹಚ್ಚುವಾಗಲೂ ನಾಲಿಗೆ ಕಚ್ಚಿಕೊಂಡು ನಿಧಾನ ಮಾಡುವ ಮನುಷ್ಯ.

ಮೆದುವಾಗಿ ಕೇಳಬೇಕೆಂದೇ ಹೋಗಿದ್ದ. ಬಾಯಿ ತೆರೆದರೆ ಜಗಳದ ದನಿಯೇ ಬಂತು. ನಿಮ್ಮ ಮೇಳದಲ್ಲಿ ಜಾಗ ಕೇಳಲು ಬಂದಿಲ್ಲ, ನನಗೆ ಅಂಥ ಗತಿ ಬಂದಿಲ್ಲ, ಹಾಲ್ಡೆನ್ ಮನೆಯಲ್ಲಿ ಒಂದು ಹಾಡು ಬಾಕಿ ಇದೆ, ಒಂದೇ ಒಂದು, ಅದಕ್ಕೆ ನನ್ನನ್ನು ನಿಲ್ಲಿಸಿಕೊಳ್ಳಿ ಎಂದ.

ಫ್ರಿಡಿ ಕೈಯಲ್ಲಿದ್ದ ಮಣಿಯನ್ನು ಕೂರಿಸಿಯೇ ತಲೆ ಎತ್ತಿದ.

“ನಿಲ್ಲಿಸ್ಕೋಬಹುದು. ಅವತ್ತು ಬೇಗ ಕುಲುಕಿದೆ ಅಂತ ಇವರೆಲ್ಲರ ಮುಂದೆ ಒಂದ್ಸಲ ಹೇಳು.”

“ಮೊದಲು ನೀನು ಹೇಳು. ಗೆಜ್ಜೆನ ಆಲೂಗಡ್ಡೆ ಚೀಲದಲ್ಲಿ ಯಾಕಿಟ್ಟೆ?”

“ಗೆಜ್ಜೆ ನಿಂದು. ಗಂಟೆಗಳ ಜೊತೆ ನನ್ ಕೊಟ್ಟಿಗೇಲಿತ್ತು, ವಾಪಸ್ ಕೊಟ್ಟೆ.”

“ಬಾಯಿ ಇರಲಿಲ್ವೇನೋ ನಿಂಗೆ?”

“ನಿಂಗೆ ಕಿವಿ ಇತ್ತಾ?”

ಯಾರೋ ನಕ್ಕರು. ನೋಲ್ಡಿ ಬಾಗಿಲನ್ನು ಎಳೆದುಕೊಂಡ ರಭಸಕ್ಕೆ ಮಣಿಯ ತಟ್ಟೆ ಉರುಳಿ ಹುಲ್ಲಿನ ಮೇಲೆಲ್ಲ ಚೆಲ್ಲಿದ ಸದ್ದು ಹಿಂದಿನಿಂದ ಕೇಳಿತು. ಒಂದು ಮಾತು ಅವನಾಡಬೇಕಿತ್ತು, ಒಂದು ಮಾತು ಇವನಾಡಬೇಕಿತ್ತು. ಎರಡೂ ಗಂಟಲಲ್ಲೇ ಉಳಿದವು.

ಜನವರಿ ಹದಿಮೂರರ ಬೆಳಿಗ್ಗೆ ಅವನು ವ್ಯಾನು ಹತ್ತಲಿಲ್ಲ. ಅಟ್ಟದಿಂದ ಹಳೆಯ ವೇಷ ಇಳಿಸಿದ. ಲಂಗಕ್ಕೆ ನುಸಿ ಹಿಡಿದಿತ್ತು, ಸೊಂಟಕ್ಕೆ ಏರುತ್ತಲೇ ಇರಲಿಲ್ಲ. ವ್ರೇನಿ ಹಿಂದಿನಿಂದ ಪಿನ್ನು ಚುಚ್ಚುತ್ತ, ಈ ಹೆಣ್ಣಿಗೆ ಎಷ್ಟನೇ ತಿಂಗಳು ಎಂದು ಕೇಳಿ ನಗಲಾರದೆ ನಕ್ಕಳು. ಒಬ್ಬನೇ ಹೋಗುತ್ತೀಯಾ, ಮಕ್ಕಳ ಹಾಗೆ, ಜನ ಏನೆಂದಾರು ಎಂದಳು. ಜನ ಅನ್ನುವುದು ಬಾಕಿ ಏನಾದರೂ ಉಳಿದಿದೆಯೇ ಎಂದ. ಶಿರಸ್ತ್ರಾಣದ ಮೇಲೆ ಅವನೇ ಎರಡು ಚಳಿಗಾಲ ಕೂತು ಕೆತ್ತಿದ ಗೊಂಬೆಗಳಿದ್ದವು. ಬಿಲ್ಲೆ ಹೊಡೆಯುವವರು ಒಂಬತ್ತರ ಕಾಫಿಗೆ ಕೂತಿರುವ ನೋಟ. ಬೆರಳುಗುರಿನಷ್ಟು ಲೋಟಗಳು. ಅದನ್ನು ಕೆತ್ತುವಾಗ ಅವನೇ ಒಂದು ದಿನವೂ ಹಾಗೆ ಕೂತಿರಲಿಲ್ಲ ಎಂಬುದು ಆಗ ಹೊಳೆಯಿತು. ಸಿಟ್ಟೂ ಬಂತು.

ಎಂಟೂವರೆಗೆ ಹಾಲ್ಡೆನ್ ಅಂಗಳ ಮುಟ್ಟಿದ. ಸೆಂಟಿಸ್ ಬೆಟ್ಟದ ನೆತ್ತಿಗೆ ಆಗಷ್ಟೇ ಬಿಸಿಲು ತಾಗಿತ್ತು. ದೊಡ್ಡಮ್ಮ ಬಾಗಿಲಿಗೆ ಬಂದು, ಅವನನ್ನು ನೋಡಿ, ಅವನ ಹಿಂದೆ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡಿ, ಒಳಗಿಂದ ಬಿಸಿ ವೈನಿನ ತಟ್ಟೆ ತಂದು ನಿಂತರು. ನೋಲ್ಡಿ ಅಂಗಳ ಸುತ್ತಿದ, ಗೆಜ್ಜೆ ಕುಲುಕಿದ, ನಿಂತ, ಹಾಡಿನ ಮೊದಲ ಸಾಲು ಎತ್ತಿದ.

ಎತ್ತಿಕೊಟ್ಟ ಮೇಲೆ ಎರಡನೆಯವನು ಬರಬೇಕಾದ ಜಾಗ ಬರುತ್ತದೆ. ಅಲ್ಲಿಗೆ ಬಂದು ಅವನ ದನಿ ನಿಂತಿತು. ಅದೇ ಹೊತ್ತಿಗೆ ಕೆಳಗಿನ ಬೇಲಿಯ ಹತ್ತಿರ ಗಂಟೆಗಳ ಸದ್ದು ಬಂದು, ತಟ್ಟನೆ ಅಡಗಿತು. ಮುಖವಾಡದ ತೂತಿನಿಂದ ನೋಡಿದರೆ ಆರು ಜನ. ಫ್ರಿಡಿಯ ಮೇಳವೇ. ಒಬ್ಬರ ಹಾಡು ನಡೆಯುವಾಗ ಇನ್ನೊಬ್ಬರು ಅಂಗಳಕ್ಕೆ ಕಾಲಿಡುವಂತಿಲ್ಲ, ಹಾಡುತ್ತಿರುವವನು ಒಂಟಿಯಾದರೂ ಸರಿ, ಹಾಡು ಅರ್ಧವಾದರೂ ಸರಿ. ಆರೂ ಮೇಣದ ಮುಖವಾಡಗಳು ಅವನ ಕಡೆ ನೋಡುತ್ತ ನಿಂತವು. ಮೇಣದ ಮುಖಕ್ಕೆ ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ.

ನೋಲ್ಡಿ ಮತ್ತೊಮ್ಮೆ ಎತ್ತಿದ. ಮತ್ತೆ ಅದೇ ಜಾಗಕ್ಕೆ ಬಂದು ನಿಂತ. ಫ್ರಿಡಿಗೆ ಆ ಜಾಗ ನಿದ್ದೆಯಲ್ಲೂ ಗೊತ್ತು. ಹದಿನಾಲ್ಕು ವರ್ಷ ಅಲ್ಲಿ ಬಂದು ಸೇರಿಕೊಂಡವನೇ ಅವನು. ಬರಲಿಲ್ಲ. ಗೆಜ್ಜೆ ಕುಲುಕಿ ಮುಗಿಸಿಬಿಡಬಹುದಿತ್ತು. ಕಾಲು ಹಾಗೆಂದೇ ತುಡಿಯುತ್ತಿತ್ತು. ಕುಲುಕಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಅವನು ಯಾವುದಕ್ಕೂ ಕಾದಿರಲಿಲ್ಲ. ಮುಖವಾಡದೊಳಗೆ ಉಸಿರು ನೀರಾಗಿ ಗದ್ದಕ್ಕೆ ಇಳಿಯುತ್ತಿತ್ತು. ದೊಡ್ಡಮ್ಮನ ಕೈಯ ತಟ್ಟೆಯಲ್ಲಿ ವೈನಿನ ಹಬೆ ನಿಂತುಹೋಯಿತು. ಕೊನೆಗೆ ಅವನು ಗೆಜ್ಜೆಪಟ್ಟಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಸದ್ದಾಗದ ಹಾಗೆ ಪಕ್ಕಕ್ಕೆ ಸರಿದು, ತಾನೇ ಬಿಲ್ಲೆ ಹೊಡೆದ ಗೋಡೆಗೆ ಒರಗಿ ನಿಂತ. ಅಂಗಳ ಬಿಟ್ಟುಕೊಟ್ಟ.

ಮೇಳ ಬಂತು. ಸುತ್ತಿತು, ಒಂದು ಹಾಡಿತು. ಸುತ್ತಿತು, ಇನ್ನೊಂದು ಹಾಡಿತು. ಮೂರನೆಯದರಲ್ಲಿ ಶ್ರುತಿ ಎದ್ದಾಗ ನೋಲ್ಡಿಯ ಗಂಟಲು ಅವನನ್ನು ಕೇಳಲಿಲ್ಲ, ತಾನಾಗಿಯೇ ಹೋಗಿ ಸೇರಿಕೊಂಡಿತು. ಒಬ್ಬೊಬ್ಬರ ಉಸಿರೂ ಮುಗಿಯಿತು. ಅವನದು ಮುಗಿಯಲಿಲ್ಲ. ಎಷ್ಟೋ ಕಾಲದಿಂದ ಒಳಗೆ ಕೂತಿದ್ದು ಹೊರಗೆ ಬರುತ್ತಿರುವ ಹಾಗೆ ಎಳೆಯುತ್ತಲೇ ಹೋಯಿತು. ಈಗ ಕುಲುಕುತ್ತಾರೆ, ಈಗ ಕುಲುಕುತ್ತಾರೆ, ಏಟಿಗೆ ಏಟು ಎಂದು ಅವನು ಕಾಯುತ್ತಿದ್ದ. ಭಾವಮೈದನ ಹೆಗಲು ಅಲ್ಲಾಡಿತು ಕೂಡ. ಫ್ರಿಡಿ ನೋಲ್ಡಿಯ ಕಡೆ ತಿರುಗದೆ, ಗಂಟೆಯ ಮೇಲಿದ್ದ ತನ್ನ ಕೈಯನ್ನು ಎರಡು ಬೆರಳಷ್ಟು ಮೇಲೆತ್ತಿದ. ತಡಿ ಎಂಬಂತೆ. ನೋಲ್ಡಿಯ ಉಸಿರು ಪೂರ್ತಿ ಮುಗಿದು, ಸೂರಿನಿಂದ ಒಂದು ಹಿಡಿ ಹಿಮ ಜಾರಿ ಬಿದ್ದ ಸದ್ದೂ ಅಡಗಿದ ಮೇಲೆ ಗೆಜ್ಜೆ ಎದ್ದಿತು.

ದೊಡ್ಡಮ್ಮ ಏಳೂ ಜನಕ್ಕೆ ಕುಡಿಸಿದರು. ಏಳೂ ಜನ ಅವರ ಕೈ ಕುಲುಕಿದರು. ಫ್ರಿಡಿ ಅವನ ಪಕ್ಕದಲ್ಲೇ ಹಾದುಹೋದ, ಗಂಟೆ ಅವನ ತೋಳಿಗೆ ತಾಗುವಷ್ಟು ಹತ್ತಿರದಲ್ಲಿ. ಒಂದು ಮಾತಾದರೂ ಬರುತ್ತದೆ ಎಂದು ನೋಲ್ಡಿ ನಿಂತ. ಮೇಳ ಬೇಲಿ ದಾಟಿತು, ಇಳಿಜಾರು ಇಳಿಯಿತು, ಗಂಟೆಗಳ ಸದ್ದು ಸೇತುವೆಯ ಆಚೆ ಹೋಯಿತು. ಅಷ್ಟೇ.

ಒಂಬತ್ತು ಹೊಡೆಯಿತು. ದೊಡ್ಡಮ್ಮ ಅಡುಗೆಮನೆಯ ಬಾಗಿಲು ತೆರೆದರು. ಲಂಗ ಉಟ್ಟುಕೊಂಡೇ, ಮುಖವಾಡ ಮೇಜಿನ ಮೇಲಿಟ್ಟು, ನೋಲ್ಡಿ ತನ್ನ ಜಾಗದಲ್ಲಿ ಕೂತ. ಕಾಫಿ ಬಂತು, ಬೀಬರು ಬಂತು. ಮೈಯೆಲ್ಲ ಯಾರೋ ಉಜ್ಜಿ ತೊಳೆದ ಹಾಗೆ ಹಗುರಾಗಿತ್ತು. ಅದಕ್ಕೂ ಅವನಿಗೆ ಸಿಟ್ಟು, ಫ್ರಿಡಿಯ ಎರಡು ಬೆರಳಿನ ದಯೆಯಿಂದ ಹಗುರಾಗಬೇಕಾಯಿತಲ್ಲ ಎಂದು. ಆದರೂ ಕೇಳಿದ.

“ಮುಗೀತಲ್ಲ ದೊಡ್ಡಮ್ಮಾ? ಮೂರು ಆಯ್ತು.”

“ಇದು ಈ ವರ್ಷದ್ದು,” ಎಂದರು ಅವರು, ಅವನ ಲೋಟಕ್ಕೆ ಸಕ್ಕರೆ ಹಾಕುತ್ತ. “ಅದು ಹಾಗೇ ಇದೆ.”

ಅದಾಗಿ ನಾಲ್ಕು ವರ್ಷವಾಯಿತು. ಮಾರ್ಟಿ ಈಗ ಕೊಡೆ ತರುವುದಿಲ್ಲ. ಒಂಬತ್ತಕ್ಕೆ ಇಬ್ಬರೂ ಕೆಳಗಿಳಿದು ಕೂರುತ್ತಾರೆ, ನೋಲ್ಡಿ ಗಡಿಯಾರ ನೋಡುತ್ತ, ಗೊಣಗುತ್ತ. ಪ್ರತಿ ಹದಿಮೂರಕ್ಕೂ ಅವನು ಹಾಲ್ಡೆನ್ ಅಂಗಳದ ಗೋಡೆಗೆ ಒರಗಿ ನಿಲ್ಲುತ್ತಾನೆ. ಫ್ರಿಡಿಯ ಮೇಳ ಬರುತ್ತದೆ, ಮೂರನೆಯ ಹಾಡಿನಲ್ಲಿ ಅವನ ಉಸಿರು ಮುಗಿಯುವವರೆಗೆ ಕಾಯುತ್ತದೆ, ಮಾತಾಡದೆ ಹೋಗುತ್ತದೆ. ಊರಿನಲ್ಲಿ ಎದುರಾದರೆ ಇಬ್ಬರೂ ರಸ್ತೆಯ ಆಚೆ ಈಚೆ. ಆಲೂಗಡ್ಡೆ ಚೀಲ ಶೆಡ್ಡಿನ ಮೊಳೆಗೆ ನೇತುಬಿದ್ದಿದೆ, ಒಗೆಯಲೂ ಇಲ್ಲ, ಎಸೆಯಲೂ ಇಲ್ಲ. ಅಡುಗೆಮನೆಯಲ್ಲಿ ಕಾಫಿ ಮುಗಿಸಿ ಏಳುವಾಗ ನೋಲ್ಡಿ ಪ್ರತಿ ವರ್ಷವೂ ಕೇಳುತ್ತಾನೆ, ಇವತ್ತಿನದನ್ನು ಆ ಹಳೆಯದಕ್ಕೆ ಹಾಕಿಕೊಳ್ಳಿ ಎಂದು. ದೊಡ್ಡಮ್ಮ ಕೊನ್ರಾಡ್ ದೊಡ್ಡಪ್ಪನ ಕಿಟಕಿಯ ಕಡೆ ಒಮ್ಮೆ ನೋಡಿ, ಆಗುವುದಿಲ್ಲ ಎನ್ನುತ್ತಾರೆ.